ಇಶಾನ್ ದೊಡ್ಡವನಾದ ಮೇಲೆ

2007ರ ‘ತಾರೆ ಜಮೀನ್ ಪರ್’ ಚಿತ್ರದಲ್ಲಿ ಇಶಾನ್‌ನ ಡಿಸ್ಲೆಕ್ಸಿಯಾವನ್ನು ಮೇಷ್ಟ್ರೊಬ್ಬರು ಗುರುತಿಸುತ್ತಾರೆ, ಹುಡುಗ ಚಿತ್ರಕಲೆಯಲ್ಲಿ ಗೆಲ್ಲುತ್ತಾನೆ. ಯಾರೂ ಗುರುತಿಸದೆ, ಬಹುಮಾನವೂ ಬಾರದೆ ಬೆಳೆದವರ ಗತಿಯೇನು ಎಂದು ಚಿತ್ರ ಕೇಳುವುದಿಲ್ಲ.

ಗಮನ ನಿಲ್ಲದ ಎಡಿಎಚ್‌ಡಿ ಬೇರೆಯೇ ಸಮಸ್ಯೆ. ಪ್ರಶ್ನೆ ಮಾತ್ರ ಅದೇ. ತಮಗೆ ಅದು ಪತ್ತೆಯಾದದ್ದು 41ನೇ ವಯಸ್ಸಿನಲ್ಲಿ ಎಂದು ನಟ ಫಹಾದ್ ಫಾಸಿಲ್ 2024ರಲ್ಲಿ ಹೇಳಿದಾಗ ಸುದ್ದಿಯಾಯಿತು. ಸೊರಬದ ಗುಡವಿಯಂಥ ಊರಿನಲ್ಲಿ ಅದೇ ವಯಸ್ಸಿನವನೊಬ್ಬ ಸಾಲದ ಕಂತು ಮರೆತರೆ, ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟರೆ ‘ಬೇಜವಾಬ್ದಾರಿ’ ಎನಿಸಿಕೊಳ್ಳುತ್ತಾನೆ.

ಮರೆವೆಲ್ಲ ಎಡಿಎಚ್‌ಡಿ ಅಲ್ಲ. ಲಕ್ಷಣಗಳು ಬಾಲ್ಯದಿಂದಲೇ ಇರಬೇಕು. ಹೆಸರು ಸಿಕ್ಕ ಮಾತ್ರಕ್ಕೆ ಸಾಲವೂ ತೀರದು. ಆದರೆ ಬೈಗುಳದ ಜಾಗಕ್ಕೆ ಔಷಧ, ದಿನಚರಿ, ಮನೆಯವರ ನೆರವು ಬರಬಹುದು. ಪ್ರತಿಭೆ ಇದ್ದವರಿಗಷ್ಟೇ ಸಹಾನುಭೂತಿ ಎಂಬ ಭಾವನೆಯನ್ನು ಚಿತ್ರ ಉಳಿಸಿಹೋಯಿತು. ಸಾಮಾನ್ಯನಿಗೂ ಅದು ಸಲ್ಲಬೇಡವೇ?