ಹದಿನೆಂಟರ ನಂತರದ ದಾನ

ರಮಝಾನ್ ಮುಗಿಯುವ ಹೊತ್ತಿಗೆ ನಮ್ಮ ಇಳಕಲ್ಲಿನಲ್ಲಿ ಎಲ್ಲಾದರೊಂದು ಕಡೆ ಶಾಮಿಯಾನ ಏಳುತ್ತದೆ. ಹಿಂದೆ ಫ್ಲೆಕ್ಸ್, ಮುಂದೆ ಸಾಲಾಗಿ ನಿಲ್ಲಿಸಿದ ತ್ರಿಚಕ್ರ ಸೈಕಲ್ಲುಗಳು. ಚೆಕ್ಕಿನ ಒಂದು ತುದಿ ಪಡೆಯುವವನ ಕೈಯಲ್ಲಿ, ಇನ್ನೊಂದು ತುದಿ ಕೊಡುವ ಹತ್ತು ಜನರ ಕೈಯಲ್ಲಿ. ಫೋಟೋ ಆದ ಮೇಲೆ ಬಿರಿಯಾನಿ. ಕೊಡುವವರ ನಿಯ್ಯತ್ತನ್ನು ನಾವು ಶಂಕಿಸುವುದಿಲ್ಲ, ಅದರ ಲೆಕ್ಕ ಇಡುವವನು ಬೇರೆ ಇದ್ದಾನೆ. ಇಂಥ ವೇದಿಕೆಗಳಲ್ಲಿ ನಾವೂ ನಿಂತವರೇ. ನಮ್ಮ ತಕರಾರು ಇಷ್ಟೇ: ಈ ದಾನ ಕಾಲೇಜಿನ ಗೇಟಿನವರೆಗೂ ಹೋಗುವುದಿಲ್ಲ ಏಕೆ?

ಕೆಲವು ವರ್ಷಗಳ ಹಿಂದಿನ ಮಾತು. ನೇಕಾರರ ಮನೆಯ ಹುಡುಗನೊಬ್ಬ, ಹುಟ್ಟಿನಿಂದ ದೃಷ್ಟಿಯಿಲ್ಲ, ಧಾರವಾಡಕ್ಕೆ ಎಂ.ಎ. ಓದಲು ಹೊರಟ. ಮನೆಯಲ್ಲಿ ಒಂದೇ ಮಗ್ಗ. ನಾವು ಗೆಳೆಯರು ಸೇರಿ ಐದು ಸಾವಿರ ರೂಪಾಯಿ ಕೂಡಿಸಿ, ಶಾಲು ಹೊದಿಸಿ, ಭಾಷಣ ಮಾಡಿ ಕೊಟ್ಟೆವು. ಹುಡುಗ ಮೆಟ್ಟಿಲಿಳಿಯುವಾಗ ನಮ್ಮ ಕೈ ಹಿಡಿದು ಮೆಲ್ಲಗೆ ಕೇಳಿದ: "ರೊಕ್ಕ ಹೆಂಗರ ಹೊಂದತೈತ್ರಿ ಸರ. ನನಗ ಪುಸ್ತಕ ಓದಿ ಹೇಳೋರು ಬೇಕಾಗ್ಯಾರ. ನೀವು ಓದಿ ಫೋನಿನ್ಯಾಗ ರೆಕಾರ್ಡ್ ಮಾಡಿ ಕಳಸ್ತೀರೇನ್ರಿ?"

ಖಂಡಿತ ಎಂದೆವು. ಆ ಕಥೆಗೆ ಆಮೇಲೆ ಬರೋಣ.

ಇಂಥ ಮಾತು ಎತ್ತಿದಾಗಲೆಲ್ಲ ಬರುವ ಉತ್ತರ, ಅದು ಸರ್ಕಾರದ ಕೆಲಸ ಎಂದು. ಅರ್ಧ ನಿಜ. ವಿಕಲಚೇತನರ ಪ್ರಶ್ನೆಯನ್ನು ಕರುಣೆಯಿಂದ ಹಕ್ಕಿನ ಕಡೆಗೆ ಎಳೆದು ತಂದವರಲ್ಲಿ ಮುಂಚೂಣಿಯಲ್ಲಿದ್ದವರು ಅಲೀಗಢದಲ್ಲಿ ಹುಟ್ಟಿದ ಜಾವೇದ್ ಆಬಿದಿ. ಗಾಲಿಕುರ್ಚಿಯಲ್ಲಿದ್ದುಕೊಂಡೇ 1995ರ ಕಾಯ್ದೆಗಾಗಿ ಬೀದಿಗಿಳಿದವರು. 2018ರಲ್ಲಿ ತೀರಿಕೊಂಡರು. ಅದಕ್ಕೆ ಮುನ್ನ 2016ರ ಹೊಸ ಕಾಯ್ದೆಯನ್ನು ಕಂಡಿದ್ದರು. ಆ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಇವರಿಗೆ ಮೀಸಲು. ರ‍್ಯಾಂಪು, ಸೀಟು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಇವೆಲ್ಲ ಹಕ್ಕು. ಇವನ್ನು ಸದಖಾ ಎಂದು ಕೊಡಲು ಹೊರಟರೆ ಅದು ಅವಮಾನವೇ ಸರಿ.

ಆದರೆ ಅದೇ ಕಾಯ್ದೆಯನ್ನು ಇನ್ನಷ್ಟು ಓದಿ ನೋಡಿ. ಪುಸ್ತಕ, ಕಲಿಕೆಯ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕು ಎಂದು ಹೇಳುತ್ತಲೇ 18 ವರ್ಷದವರೆಗೆ ಎಂದು ಗೆರೆ ಎಳೆದಿದೆ. ಹದಿನೆಂಟು ಎಂದರೆ ಹುಡುಗ ಪಿಯುಸಿ ಮುಗಿಸಿ ಪದವಿಗೆ ಕಾಲಿಡುವ ವಯಸ್ಸು. ಅಲ್ಲಿಂದ ಮುಂದೆ ವಿದ್ಯಾರ್ಥಿವೇತನದ ಅರ್ಜಿ, ಕಾಯುವಿಕೆ. ನಮ್ಮ ದಾನಿಗಳ ಕಣ್ಣಿಗೂ ಕಾಣುವುದು ಮಗು ಮಾತ್ರ. ಇಪ್ಪತ್ತೆರಡರ ಗಡ್ಡದ ಯುವಕ ಬಂದು ಭಾಷಾಶಾಸ್ತ್ರ ಓದಬೇಕು ಎಂದರೆ, "ಒಂದು ಎಸ್‌ಟಿಡಿ ಬೂತ್ ಹಾಕಿಕೋ" ಎನ್ನುತ್ತಿದ್ದ ಕಾಲವಿತ್ತು. ಬೂತುಗಳು ಹೋದವು, ಸಲಹೆ ಉಳಿದಿದೆ.

ಕಥೆಗಾರರೂ ಇದರಿಂದ ಹೊರತಲ್ಲ. ನಾವು ಬರೆದ ಕಥೆಗಳಲ್ಲಿ ಅಂಧನೊಬ್ಬ ಬಂದರೆ ಅವನು ದರ್ಗಾದ ಮೆಟ್ಟಿಲ ಮೇಲೆ ಕೂತಿರುತ್ತಾನೆ, ಇಲ್ಲವೇ ಹಾಡುತ್ತಾನೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಬ್ಬನನ್ನೂ ನಾವು ಕೂರಿಸಿಲ್ಲ.

ಹಾಡು ಎಂದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಗದೆ ಇರದು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಇಬ್ಬರೂ ಅಂಧರು. ಊರೂರಿನ ಭಕ್ತರು ಪುಟ್ಟರಾಜರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದಲ್ಲಿ ತುಲಾಭಾರ ಮಾಡುತ್ತಿದ್ದರು, ಆ ಹಣ ಆಶ್ರಮದ ಮಕ್ಕಳ ಅನ್ನಕ್ಕೆ, ವಿದ್ಯೆಗೆ. ಜಾತಿ ಮತ ಕೇಳದೆ ಕಲಿಸಿದ ಜಾಗ ಅದು. ಅಲ್ಲಿ ದಾನ ಒಂದು ದಿನದ ಕಾರ್ಯಕ್ರಮವಾಗಿರಲಿಲ್ಲ, ವರ್ಷಗಟ್ಟಲೆ ಒಬ್ಬ ವಿದ್ಯಾರ್ಥಿಯ ಬೆನ್ನಿಗೆ ನಿಲ್ಲುತ್ತಿತ್ತು. ಸಂಗೀತಕ್ಕೆ ಸಂದ ಆ ಬೆಂಬಲ ಅರ್ಥಶಾಸ್ತ್ರಕ್ಕೆ, ಕಾನೂನಿಗೆ ಏಕೆ ಸಿಗಬಾರದು?

ಈಜಿಪ್ಟಿನ ತಾಹಾ ಹುಸೇನರ ಆತ್ಮಕಥೆ 'ಅಲ್-ಅಯ್ಯಾಮ್' ಓದಿದವರಿಗೆ ಇದರ ತೀವ್ರತೆ ಗೊತ್ತಾಗುತ್ತದೆ. ಅದರ ಎರಡನೆಯ ಭಾಗದಲ್ಲಿ, ಅಲ್-ಅಝ್ಹರ್‌ನಲ್ಲಿ ಓದಲು ಕೈರೋಗೆ ಬಂದ ಅಂಧ ಹುಡುಗ ಕೋಣೆಯಲ್ಲಿ ಒಬ್ಬನೇ ಉಳಿಯುತ್ತಾನೆ. ಅಣ್ಣ ಗೆಳೆಯರ ಜೊತೆ ಓದಲು, ಚಹಾ ಕುಡಿಯಲು ಹೋಗಿರುತ್ತಾನೆ. ಬಡತನದ ವರ್ಣನೆ ಆ ಪುಸ್ತಕದಲ್ಲಿ ಬೇಕಾದಷ್ಟಿದೆ. ಮನಸ್ಸಿನಲ್ಲಿ ಉಳಿಯುವುದು ಮಾತ್ರ ಆ ಕಾಯುವಿಕೆ. ಆ ಹುಡುಗನೇ ಮುಂದೆ 1914ರಲ್ಲಿ ಈಜಿಪ್ಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ, ಫ್ರಾನ್ಸಿಗೆ ಹೋದ, 1950ರಲ್ಲಿ ಶಿಕ್ಷಣ ಮಂತ್ರಿಯಾದ. ಫ್ರಾನ್ಸಿನಲ್ಲಿ ಅವರಿಗೆ ಓದಿ ಹೇಳಿದ ಸುಝಾನ್ ಎಂಬ ಯುವತಿ ಮುಂದೆ ಅವರ ಮಡದಿಯಾದರು.

ಈಗ ಫೋನೇ ಓದಿ ಹೇಳುತ್ತದಲ್ಲ ಎಂದು ಕೇಳಬಹುದು. ಹೌದು, ಇಬ್ಬರು ಅಂಧ ಆಸ್ಟ್ರೇಲಿಯನ್ನರು ಕಟ್ಟಿದ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಯುನಿಕೋಡ್‌ನಲ್ಲಿದ್ದರೆ ಮಾತ್ರ. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚಾದ ನೋಟ್ಸು ಅದಕ್ಕೆ ಅರ್ಥವಿಲ್ಲದ ಗದ್ದಲ. ನಮ್ಮ ಉರ್ದುವಿನ ಇನ್‌ಪೇಜ್ ಕಡತಗಳ ಪಾಡೂ ಅದೇ. ಜೆರಾಕ್ಸ್ ಪುಟದ ಫೋಟೋ ಕಳಿಸಿದರೆ ಅದನ್ನು ಅಕ್ಷರಕ್ಕಿಳಿಸಿ, ತಪ್ಪು ತಿದ್ದಲು ಮನುಷ್ಯರೇ ಬೇಕು. ಕಾನೂನಿನ ಅಡ್ಡಿಯೂ ಇಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಇಂಥ ಪ್ರತಿಗಳಿಗೆ ಅವಕಾಶ ಕೊಟ್ಟಿದೆ, ಅಂಧ ಓದುಗರಿಗಾಗಿ ಆದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ್ದು ಭಾರತ.

ಹಣ ಬೇಡವೆಂದಲ್ಲ. ಎರಡು ವರ್ಷ ತಿಂಗಳು ತಿಂಗಳು ತಪ್ಪದೆ ಸಾವಿರ ರೂಪಾಯಿ ಹೋದರೆ ಇಪ್ಪತ್ತನಾಲ್ಕು ಸಾವಿರ. ವೇದಿಕೆ, ಫ್ಲೆಕ್ಸ್, ಊಟದ ಖರ್ಚಿನ ಮುಂದೆ ಅದೆಷ್ಟರದು? ಝಕಾತಿನ ಎಂಟು ಬಾಬತ್ತುಗಳಲ್ಲಿ ಬಡವ, ನಿರ್ಗತಿಕ ಮೊದಲಿಗೇ ಬರುತ್ತಾರೆ. ಬಡ ವಿದ್ಯಾರ್ಥಿಗೆ ಪ್ರತ್ಯೇಕ ಫತ್ವಾ ಬೇಕಿಲ್ಲ.

ನಮ್ಮ ಊರಿಗೆ ಬೇರೆ ಬಗೆಯ ಜೋಳಿಗೆಯ ಪರಿಚಯವೂ ಇದೆ. ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮೀಜಿ 1975ರಲ್ಲಿ ಜೋಳಿಗೆ ಹಿಡಿದು ಬೀದಿಗೆ ಬಂದಾಗ ಕಾಳು ಕಡಿ ಬೇಡಲಿಲ್ಲ, ನಿಮ್ಮ ದುಶ್ಚಟ ಹಾಕಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಸಂಜೆಯ ಎರಡು ತಾಸನ್ನು ಹಾಕಿ ಎಂದು ಅಂಥದೇ ಜೋಳಿಗೆ ಹಿಡಿದು ಯಾರಾದರೂ ಮಸೀದಿಯ ಮುಂದೆ ನಿಂತರೆ? ಪದವಿ ಓದುವ ಹುಡುಗಿಯರು ನಮ್ಮ ಮನೆಮನೆಯಲ್ಲಿದ್ದಾರೆ. ಎಂ.ಎ. ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರು ಒಂದು ಮೆಟ್ಟಿಲು ಕೆಳಗೆ ಓದಿರಬೇಕು ಎಂದು 2018ರ ಮಾರ್ಗಸೂಚಿ ಹೇಳಿತ್ತು. ಆ ಮೆಟ್ಟಿಲಿನ ಮೇಲೇ ನಿಂತಿರುವ ಮಕ್ಕಳನ್ನು ನಾವು ಕೇಳಿಯೇ ಇಲ್ಲ.

ಇನ್ನು ನಮ್ಮ ಕಥೆ. ಮೊದಲ ವಾರ ಎರಡು ಅಧ್ಯಾಯ ಓದಿ ಕಳಿಸಿದೆವು. ಮರುವಾರ ಒಂದು. ಆಮೇಲೆ ಮದುವೆಯ ಸೀಸನ್ನು, ಕೆಮ್ಮು, ಒಂದು ವಿಶೇಷಾಂಕಕ್ಕೆ ಕಥೆ ಬರೆಯುವ ಗಡಿಬಿಡಿ. ಹುಡುಗ ಎರಡು ಸಲ ಫೋನ್ ಮಾಡಿದ, ಮೂರನೆಯ ಸಲ ಮಾಡಲಿಲ್ಲ. ಕಳೆದ ವರ್ಷ ಊರಿಗೆ ಬಂದಾಗ ತನ್ನ ಫೋನ್ ತೆಗೆದು ಆ ಪುಸ್ತಕವನ್ನು ಕೇಳಿಸಿದ. ಮೊದಲ ಮೂರು ಅಧ್ಯಾಯ ನಮ್ಮ ದನಿ, ಭಾಷಣದ ಧಾಟಿಯಲ್ಲಿ. ನಾಲ್ಕರಿಂದ ಕೊನೆಯವರೆಗೆ ಹಾಸ್ಟೆಲಿನ ಯಾರೋ ಹುಡುಗನದು. ಓದುವ ನಡುವೆ ತಟ್ಟೆಯ ಸದ್ದು, ಆಕಳಿಕೆ, "ತಡಿ, ಈ ಶಬ್ದ ಇನ್ನೊಮ್ಮೆ ಓದತೀನಿ" ಎಂಬ ಮಾತು.