ಶೇಕಡಾ ಎರಡರ ಪುಣ್ಯ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿಗೆ ಸಿಕ್ಕಷ್ಟು ಹೊಗಳಿಕೆ ಆ ಕಾಯ್ದೆಯ ಬೇರಾವ ಸೆಕ್ಷನ್ನಿಗೂ ಸಿಕ್ಕಿರಲಾರದು. ಮೂರು ವರ್ಷದ ಸರಾಸರಿ ನಿವ್ವಳ ಲಾಭ, ಅದರಲ್ಲಿ ಶೇ 2 ಸಮಾಜಕ್ಕೆ. ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಮೊತ್ತದ ಬಗ್ಗೆ ನನ್ನ ತಕರಾರಿಲ್ಲ. ಆ ಹಣಕ್ಕೆ ನಾವು ಬರೆಸಿಕೊಳ್ಳುತ್ತಿರುವ ಲೆಕ್ಕ ಮಾತ್ರ ತೀರಾ ಪೊಳ್ಳು.

2021ರ ತಿದ್ದುಪಡಿಯ ನಂತರ ವಾರ್ಷಿಕ ವರದಿಗೆ ಲಗತ್ತಿಸಬೇಕಾಗಿದ್ದ ಸಿಎಸ್‌ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ) ಪಟ್ಟಿಯನ್ನೇ ತೆಗೆದುಕೊಳ್ಳಿ. ಯೋಜನೆಯ ಹೆಸರು, ಯಾವ ಕೆಲಸಗಳಿಗೆ ಹಣ ಕೊಡಬಹುದೆಂದು ಹೇಳುವ ಏಳನೇ ಪರಿಶಿಷ್ಟದ ಯಾವ ಬಾಬತ್ತು, ಸ್ಥಳೀಯ ಪ್ರದೇಶವೇ (ಹೌದು/ಇಲ್ಲ), ರಾಜ್ಯ, ಜಿಲ್ಲೆ, ಖರ್ಚಾದ ಹಣ, ನಡೆಸಿದವರು ಯಾರು. ಈ ‘ಹೌದು/ಇಲ್ಲ’ ಕಾಲಂ ನನ್ನನ್ನು ಬಹಳ ಕಾಡಿದೆ. ಕಂಪನಿ ತಾನು ಕೆಲಸ ಮಾಡುವ ಊರಿಗೆ ಆದ್ಯತೆ ಕೊಡಬೇಕು ಎನ್ನುತ್ತದೆ ಕಾಯ್ದೆ. ಏಕೆ ಎಂದು ಹೇಳುವುದಿಲ್ಲ. ಆ ಊರಿನ ನೆಲ, ನೀರು ಬಳಸಿ ಲಾಭ ಬಂತು ಎಂಬುದೇ ಕಾರಣವಾದರೆ, ಎಷ್ಟು ನೀರು ಎತ್ತಿದಿರಿ, ಕೊಳಚೆ ಎಲ್ಲಿಗೆ ಬಿಟ್ಟಿರಿ ಎಂಬ ಕಾಲಂ ಪಕ್ಕದಲ್ಲೇ ಇರಬೇಕಿತ್ತು. ಸೆಬಿಗೆ ಕೊಡುವ ವರದಿಯಲ್ಲಿ ಅದು ಇದೆಯಲ್ಲ ಎನ್ನುವವರಿದ್ದಾರೆ. ಅದು ಷೇರುಪೇಟೆಯ ಮೊದಲ 1000 ಕಂಪನಿಗಳಿಗಷ್ಟೇ, ಅದೂ ಬೇರೆಯದೇ ಪುಟಗಳಲ್ಲಿ. ಕೊಟ್ಟದ್ದು ಒಂದು ಕಡೆ, ಕಿತ್ತುಕೊಂಡದ್ದು ಇನ್ನೊಂದು ಕಡೆ. ಎರಡನ್ನೂ ಎದುರುಬದುರು ಇಟ್ಟು ಓದುವ ಹಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಆ ಪಟ್ಟಿಯೂ ವಾರ್ಷಿಕ ವರದಿಯಿಂದ ಮಾಯವಾಯಿತು. ಈಗ ಅಲ್ಲಿ ಒಟ್ಟು ಮೊತ್ತ ಸಾಕು.

ಬೆಂಗಳೂರಿನ ಕೆರೆಗಳಲ್ಲಿ ಇಂಥ ಪೊಳ್ಳು ಲೆಕ್ಕದ ಫಲ ಕಾಣುತ್ತದೆ. ಹೂಳೆತ್ತುವುದು, ಬೇಲಿ, ನಡಿಗೆ ಪಥ, ಬೆಂಚು, ದಾನಿಯ ಹೆಸರಿನ ಫಲಕ: ಇವು ಹಣಕಾಸು ವರ್ಷದೊಳಗೆ ಮುಗಿಯುತ್ತವೆ, ಫೋಟೊಗೂ ಒದಗುತ್ತವೆ. ರಾಜಕಾಲುವೆಗೆ ನುಗ್ಗುವ ಒಳಚರಂಡಿ ನೀರನ್ನು ತಡೆಯುವ ಕೆಲಸಕ್ಕೆ ಉದ್ಘಾಟನೆಯ ದಿನವೇ ಇಲ್ಲ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿಕೊಂಡಾಗ ಸುತ್ತಮುತ್ತ ಶ್ರೀಮಂತ ಕಂಪನಿಗಳಿಗೇನೂ ಬರವಿರಲಿಲ್ಲ. ಅದೇ ವರ್ಷ ಸನ್ಸೇರಾ ಕಂಪನಿಯ ಹಣದಲ್ಲಿ ಕ್ಯಾಲಸನಹಳ್ಳಿ ಕೆರೆಗೆ ಜೀವ ಬಂದದ್ದು ನಿಜ, ಒಪ್ಪೋಣ. ಒಂದು ಕೆರೆ ತೋರಿಸಿ ಇಡೀ ಪದ್ಧತಿಯನ್ನು ಹೊಗಳುವುದನ್ನು ಒಪ್ಪಲಾರೆ.

ಇನ್ನು, ಸಿಎಸ್‌ಆರ್ ಎಂದರೆ ಹಿಂಬಾಗಿಲಿನ ತೆರಿಗೆ ಎಂದು ಗೊಣಗುವ ಅಂಕಣಕಾರರು. ಇವರ ಜಾಣತನ ನನಗೆ ಅರ್ಥವಾಗಿಲ್ಲ. ತೆರಿಗೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು! ಅದರ ವೆಚ್ಚ ಶಾಸನಸಭೆಯ ಚರ್ಚೆಗೆ ಬರುತ್ತದೆ, ಸಿಎಜಿ ಲೆಕ್ಕ ಕೇಳುತ್ತದೆ. ಇಲ್ಲಿ ನಿರ್ಧರಿಸುವುದು ಆಡಳಿತ ಮಂಡಳಿ. ಸರ್ಕಾರಿ ಕಂಪನಿಗಳ ಲೆಕ್ಕವನ್ನು ಸಿಎಜಿ ನೋಡಿದ್ದರಿಂದಲೇ, ಐದು ತೈಲ ಕಂಪನಿಗಳು ಗುಜರಾತಿನ ಏಕತಾ ಪ್ರತಿಮೆಗೆ ಕೊಟ್ಟ 146.83 ಕೋಟಿ ರೂಪಾಯಿ ‘ಪರಂಪರೆಯ ರಕ್ಷಣೆ’ಯ ಬಾಬತ್ತಿಗೆ ಸೇರದು ಎಂಬ ಆಕ್ಷೇಪ 2018ರಲ್ಲಿ ಹೊರಬಂತು. ಖಾಸಗಿ ಕಂಪನಿಗಳ ಮೇಲೆ ಅಂಥ ಕಣ್ಣಿಲ್ಲ. ಸಿಎಸ್‌ಆರ್ ಹೊಣೆ 10 ಕೋಟಿ ದಾಟಿದವರ ದೊಡ್ಡ ಯೋಜನೆಗಳಿಗೆ ಪರಿಣಾಮದ ಮೌಲ್ಯಮಾಪನ ಕಡ್ಡಾಯವೇನೋ ಹೌದು. ಆದರೆ ಮೌಲ್ಯಮಾಪಕರನ್ನು ಗೊತ್ತುಮಾಡುವುದೂ, ಹಣ ಕೊಡುವುದೂ ಅದೇ ಕಂಪನಿ.

ಷೇರು ಇಟ್ಟುಕೊಂಡಿರುವ ಓದುಗರು ಈ ಸಲದ ವಾರ್ಷಿಕ ಸಭೆಯಲ್ಲಿ ಒಂದು ಪ್ರಶ್ನೆ ಕೇಳಲಿ: ನೀವು ಹಣ ಕೊಟ್ಟ ಕೆರೆಗೆ ನಿಮ್ಮ ಕಟ್ಟಡದ ಕೊಳಚೆ ಇನ್ನೂ ಹರಿಯುತ್ತಿದೆಯೇ?