ಹೊಸಿಲು ದಾಟಿದವರ ಬರಹ

ಡೆಬೊರಾ ಫೆಲ್ಡ್‌ಮನ್ ಅವರ ಆತ್ಮಕಥೆ ‘ಅನ್‌ಆರ್ಥೊಡಾಕ್ಸ್’ (2012) ಓದುವಾಗ ನಾನು ಪುಸ್ತಕ ಮಡಚಿ ಸುಮ್ಮನೆ ಕೂತದ್ದು ಒಂದು ಸಣ್ಣ ವಿವರಕ್ಕೆ. ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್‌ನಲ್ಲಿ, ಸತ್ಮಾರ್ ಪಂಥದ, ಕಟ್ಟಾ ಸಂಪ್ರದಾಯದ ಹಸೀದಿ ಯೆಹೂದಿಗಳ ಮನೆ. ಮನೆಮಾತು ಯಿಡ್ಡಿಷ್, ಅಜ್ಜನಿಗೆ ಇಂಗ್ಲಿಷ್ ಮೈಲಿಗೆ. ಆ ಮನೆಯ ಹುಡುಗಿ ಹಾಸಿಗೆಯಡಿ ಬಚ್ಚಿಟ್ಟದ್ದು ಟಾಲ್ಮಡ್‌ನ ಇಂಗ್ಲಿಷ್ ಅನುವಾದವನ್ನು! ತನ್ನದೇ ಧರ್ಮಗ್ರಂಥವನ್ನು ಹೆಣ್ಣೊಬ್ಬಳು ಕದ್ದು ಓದಬೇಕಾದ ಸ್ಥಿತಿಯನ್ನು ಹೇಳಲು ಬೇರೆ ಭಾಷ್ಯವೇ ಬೇಡ.

ಆ ಹುಡುಗಿ, ಅಂದರೆ ಫೆಲ್ಡ್‌ಮನ್, ಮುಂದೆ ಪಂಥ ಬಿಟ್ಟು ಹೊರಬಂದರು. ಹೀಗೆ ಮಠ, ಮತ, ಪಂಥ ತೊರೆದವರ ಆತ್ಮಕಥೆಗೆ ದೀರ್ಘ ಪರಂಪರೆಯಿದೆ. ಲಿಥುವೇನಿಯಾದ ಸಂಪ್ರದಾಯಸ್ಥ ಮನೆಯಲ್ಲಿ ಹುಟ್ಟಿ ಬರ್ಲಿನ್ ಸೇರಿದ ಸಾಲೊಮನ್ ಮೈಮೊನ್ ತನ್ನ ಕಥೆಯನ್ನು 1792–93ರಲ್ಲೇ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ. ಇನ್ನೂರು ವರ್ಷಗಳ ನಂತರ ಫೆಲ್ಡ್‌ಮನ್ ನೆಲೆಸಿದ್ದೂ ಬರ್ಲಿನ್‌ನಲ್ಲೇ. ಎಂಟು ಮಕ್ಕಳನ್ನು ಕರೆದುಕೊಂಡು ಬಹುಪತ್ನಿತ್ವದ ಮಾರ್ಮನ್ ಪಂಗಡದಿಂದ ಹೊರಬಿದ್ದ ಕ್ಯಾರೊಲಿನ್ ಜೆಸಪ್ ಅವರ ‘ಎಸ್ಕೇಪ್’ (2007) ಕೂಡ ಇದೇ ಸಾಲಿನದು.

ಆದರೆ ಈ ಪ್ರಕಾರಕ್ಕೊಂದು ರೋಗ ಅಂಟಿದೆ. ಒಳಗಿರುವುದೆಲ್ಲ ಕತ್ತಲೆ, ಹೊರಗೆ ಬಂದದ್ದೇ ಬೆಳಕು ಎಂಬ ಕಥೆ ಚೆನ್ನಾಗಿ ಮಾರಾಟವಾಗುತ್ತದೆ. ಫೆಲ್ಡ್‌ಮನ್ ಪುಸ್ತಕ ಆಧರಿಸಿ 2020ರಲ್ಲಿ ನೆಟ್‌ಫ್ಲಿಕ್ಸ್ ತಂದ ಸರಣಿಯಲ್ಲಿ ಬರ್ಲಿನ್‌ನ ಭಾಗವೆಲ್ಲ ಕಲ್ಪಿತ. ಬಿಡುಗಡೆಗೆ ಚೆಂದದ ಮುಕ್ತಾಯ ಬೇಕಿತ್ತು. ಪುಸ್ತಕ ಅದಕ್ಕಿಂತ ಪ್ರಾಮಾಣಿಕ. ಅಜ್ಜಿಯ ಅಡುಗೆಮನೆಯ ಪುಟಗಳಲ್ಲಿ ಪ್ರೀತಿ ತುಂಬಿದೆ. ಯುರೋಪಿನ ಯೆಹೂದಿ ಹತ್ಯಾಕಾಂಡದಿಂದ ಬದುಕುಳಿದವರು ಕಟ್ಟಿಕೊಂಡ ಸಮಾಜ ಇದು, ಕಟ್ಟುಪಾಡು ಸಡಿಲಿಸಿದರೆ ಮತ್ತೆ ಅದೇ ಗತಿ ಎಂಬ ಭಯ ಅವರ ಉಸಿರಿನಲ್ಲೇ ಇದೆ ಎಂಬುದೂ ಅಲ್ಲಿ ತಿಳಿಯುತ್ತದೆ. ಆ ಭಯವನ್ನು ಇನ್ನಷ್ಟು ಅಗೆಯಬೇಕಿತ್ತು. ಉತ್ತರಾರ್ಧದಲ್ಲಿ ಲೇಖಕಿ ಬಾಗಿಲ ಕಡೆಗೆ ಓಡುತ್ತಾರೆ.

ಶುಲೆಮ್ ಡೀನ್ ಓಡುವುದಿಲ್ಲ. ಅವರ ‘ಆಲ್ ಹೂ ಗೋ ಡೂ ನಾಟ್ ರಿಟರ್ನ್’ (2015) ನನ್ನ ಮಟ್ಟಿಗೆ ಈ ಪರಂಪರೆಯ ಅತ್ಯುತ್ತಮ ಕೃತಿ. ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕ್ವೇರ್ ಎಂಬ ಹಳ್ಳಿ, ಹಸೀದಿಗಳದೇ ಆದ ಸ್ಕ್ವೆರ್ ಪಂಥ. ಧರ್ಮದ ಪಂಚರು ಡೀನ್ ಅವರನ್ನು ಕರೆಸಿ, ನೀನು ನಾಸ್ತಿಕ, ಊರು ಬಿಡು ಎನ್ನುವಲ್ಲಿಂದ ಕಥೆ ಶುರು. ಬಹಿಷ್ಕಾರ ಎಂಬ ಪದ ನಮಗೇನೂ ಹೊಸದಲ್ಲವಲ್ಲ. ಆದರೆ ಡೀನ್ ಹುಟ್ಟಿನಿಂದ ಸ್ಕ್ವೆರ್ ಪಂಥದವರಲ್ಲ. ಹದಿಹರೆಯದಲ್ಲಿ ತಾವಾಗಿ ಒಲಿದು ಹೋದವರು. ಗುರು ರೆಬ್ಬೆಯ ಊಟದ ಮೇಜಿನ ಸುತ್ತ ಗಂಡಸರು, ಹುಡುಗರು ಒತ್ತೊತ್ತಾಗಿ ನಿಂತು, ಒಂದೇ ಕೊರಳಾಗಿ ಹಾಡುವ ರಾತ್ರಿಗಳನ್ನು ಅವರು ಬಣ್ಣಿಸುವಾಗ, ಓದುಗನಿಗೂ ಆ ಗುಂಪಿನಲ್ಲಿ ನಿಲ್ಲಬೇಕೆನಿಸುತ್ತದೆ. ಮುಂದೆ ಹದಿನೆಂಟಕ್ಕೆ, ಕೆಲವೇ ನಿಮಿಷ ನೋಡಿದ ಹುಡುಗಿಯೊಡನೆ ಮದುವೆ. ಐದು ಮಕ್ಕಳು. ಆಮೇಲೆ ರೇಡಿಯೋ, ಇಂಟರ್ನೆಟ್, ಪ್ರಶ್ನೆಗಳು. ನಂಬಿಕೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹೆಂಡತಿ ಮಾತ್ರ ಅದೇ ನಂಬಿಕೆಯಲ್ಲಿ ಉಳಿಯುತ್ತಾಳೆ. ಆಕೆಯನ್ನು ಲೇಖಕ ಖಳನಾಯಕಿ ಮಾಡುವುದಿಲ್ಲ.

ಪಂಥ ಯಾಕೆ ಸೆಳೆಯಿತು ಎಂದು ಹೇಳದ ಪುಸ್ತಕ, ಅದನ್ನು ಬಿಡುವುದರ ಬೆಲೆಯನ್ನೂ ಹೇಳಲಾರದು. ಡೀನ್ ಎರಡನ್ನೂ ಹೇಳಿದ್ದಾರೆ. ಈ ಬಗೆಯ ಒಂದೇ ಪುಸ್ತಕ ಓದುವುದಾದರೆ ಇದನ್ನು ಓದಿ. ಬೆಲೆ ಎಂದೆನಲ್ಲ, ಅದು ಇದು: ಊರು ಬಿಟ್ಟ ಅಪ್ಪನಿಂದ ಡೀನ್ ಅವರ ಮಕ್ಕಳು ಒಬ್ಬೊಬ್ಬರಾಗಿ ದೂರವಾದರು.